ಭೂತಾಳ ಪಾಂಡ್ಯ: ಕಟ್ಟಳೆಗಾಗಿ ಹುಟ್ಟಿದ ಪೂರ್ವಜ

ಭೂತಾಳ ಪಾಂಡ್ಯ ತುಳುನಾಡಿನ ಅಳಿಯಸಂತಾನ ಕುಟುಂಬಗಳು ತಮ್ಮ ಕಟ್ಟಳೆಯ ಮೂಲಪುರುಷನೆಂದು ನಂಬಿಕೊಂಡು ಬಂದ ಅರಸ. ಬಜಪೆ, ಪೆರ್ಮುದೆ, ಎಕ್ಕಾರು, ಕಟೀಲು ಸುತ್ತಿನ ಗುತ್ತುಮನೆಗಳಲ್ಲಿ ಆಸ್ತಿ ಮಗನಿಗೆ ಸಲ್ಲದೆ ಸೋದರಳಿಯನ ಕೈಗೆ ಹೋಗುತ್ತಿದ್ದುದೇಕೆ ಎಂದು ಹಿರಿಯರನ್ನು ಕೇಳಿದರೆ ಅದು ಭೂತಾಳ ಪಾಂಡ್ಯನ ಕಟ್ಟು ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿನ ಜೈನರು, ಹೀಗೆ ಹಲವು ಸಮುದಾಯಗಳು ಇದೇ ಒಬ್ಬ ಅರಸನ ಹೆಸರು ಹೇಳುತ್ತವೆ. ಅವನ ಕಾಲದ್ದೆನ್ನಬಹುದಾದ ಒಂದು ಶಾಸನವಾಗಲಿ ನಾಣ್ಯವಾಗಲಿ ಸಿಕ್ಕಿಲ್ಲ. ಆದರೂ ಅವನು ಆಳಿದ್ದೆನ್ನಲಾದ ಕಾಲಕ್ಕೆ ಸಾವಿರದ ಎಂಟುನೂರು ವರ್ಷ ಸಂದ ಮೇಲೆ ಮದ್ರಾಸ್ ಹೈಕೋರ್ಟಿನ ಕಟಕಟೆಯಲ್ಲಿ ಅವನ ಹೆಸರು ಕೇಳಿಬಂತು.

ಕಥೆ ಸೊಗಸಾಗಿದೆ. ದೇವ ಪಾಂಡ್ಯನೆಂಬವನು ಹೊಸ ಹಡಗು ಕಟ್ಟಿಸಿ, ಬೆಲೆಬಾಳುವ ಸರಕು ತುಂಬಿಸಿ ನೀರಿಗಿಳಿಸಲು ಹೊರಟಾಗ ಭೂತಗಳ ಒಡೆಯ ಕುಂಡೋದರ ಅಡ್ಡನಿಂತು ನರಬಲಿ ಕೇಳಿದ. ದೇವ ಪಾಂಡ್ಯ ತನ್ನ ಮಕ್ಕಳಲ್ಲಿ ಒಬ್ಬನನ್ನು ಕೊಡೋಣವೇ ಎಂದು ಹೆಂಡತಿಯನ್ನು ಕೇಳಿದ. ಆಕೆ ಒಪ್ಪಲಿಲ್ಲ. ತಂಗಿ ಸತ್ಯವತಿ ಮುಂದೆ ಬಂದು ತನ್ನ ಮಗ ಜಯ ಪಾಂಡ್ಯನನ್ನು ಕೊಟ್ಟಳು. ಹುಡುಗನ ಮೈಮೇಲೆ ರಾಜಲಕ್ಷಣ ಕಂಡ ಕುಂಡೋದರ ಬಲಿಯನ್ನು ಬಿಟ್ಟುಕೊಟ್ಟು, ಹಡಗುಗಳನ್ನೂ ಹೋಗಗೊಟ್ಟು, ಆ ಹುಡುಗನಿಗೆ ಅವನ ತಂದೆಯ ಜಯಂತಿಕಾ ರಾಜ್ಯವನ್ನು ಮರಳಿ ಕೊಡಿಸಿದ. ಭೂತಾಳ ಪಾಂಡ್ಯನೆಂಬ ಹೆಸರನ್ನೂ ಇಟ್ಟ. ಹಡಗುಗಳು ಸಂಪತ್ತು ತುಂಬಿಕೊಂಡು ಮರಳಿದಾಗ ಕುಂಡೋದರ ಮತ್ತೆ ಬಂದು ಮತ್ತೆ ಬಲಿ ಕೇಳಿದ. ಹೆಂಡತಿ ಈ ಸಲವೂ ಒಲ್ಲೆನೆಂದಳು. ಆ ಸಂಪತ್ತಿನ ಮೇಲೆ ತನಗೂ ತನ್ನ ಮಕ್ಕಳಿಗೂ ಹಕ್ಕಿಲ್ಲವೆಂದು ನಾಲ್ವರ ಎದುರು ಹೇಳಿಯೂಬಿಟ್ಟಳು. ಹಾಗಾದರೆ ಸಂಪತ್ತೂ ರಾಜ್ಯವೂ ಅಳಿಯನಿಗೇ ಸಲ್ಲಲಿ ಎಂದು ಕುಂಡೋದರ ಪಟ್ಟುಹಿಡಿದ. ಮಾವನಿಂದ ಪಡೆದ ಪಟ್ಟವೇರಿದ ಭೂತಾಳ ಪಾಂಡ್ಯ, ತನಗಾದದ್ದೇ ನಾಡಿಗೂ ಆಗಲಿ ಎಂದು ಕಟ್ಟಳೆ ಮಾಡಿದ.

ಈ ಕಥೆ ಕಾನೂನಿನ ಕೆಲಸವನ್ನು ಎಷ್ಟು ಚೊಕ್ಕವಾಗಿ ಮಾಡುತ್ತದೆಂಬುದನ್ನು ಗಮನಿಸಬೇಕು. ಮಕ್ಕಳಿಗೆ ಏಕಿಲ್ಲ? ತಾಯಿಯೇ ಬಿಟ್ಟುಕೊಟ್ಟಳು. ಅಳಿಯನಿಗೇಕೆ? ಅವನು ಪ್ರಾಣ ಒಡ್ಡಿದ. ಬದಲಿಸಬಹುದೇ? ಕೂಡದು, ದೈವದ ಅಪ್ಪಣೆ. ಹಕ್ಕು ಬಿಟ್ಟ ಹೇಳಿಕೆಗೂ ನಾಲ್ವರ ಸಾಕ್ಷಿ ಇದೆ. ಜನರ ಬಾಯಲ್ಲಿ ಬೆಳೆದ ಕಥೆಗೆ ವಕೀಲನೊಬ್ಬ ಕೈಯಾಡಿಸಿದಂತೆ ತೋರಿದರೆ ಅದರಲ್ಲಿ ಅಚ್ಚರಿಯಿಲ್ಲ. ಹದಿನಾರು ಕಟ್ಟುಗಳೆಂದು ಪ್ರಸಿದ್ಧವಾದ ಈ ನಿಯಮಾವಳಿ ಕನ್ನಡದಲ್ಲಿ ‘ಅಳಿಯಸಂತಾನದ ಕಟ್ಟುಕಟ್ಟಳೆ’ ಎಂಬ ಹೆಸರಿನಲ್ಲಿ ಹರಿದಾಡಿತು. ಅದು ಜಾರಿಗೆ ಬಂದ ದಿನವನ್ನೂ ಪರಂಪರೆ ಹೇಳುತ್ತದೆ: ಶಾಲಿವಾಹನ ಶಕ 1, ಈಶ್ವರ ಸಂವತ್ಸರದ ಮಾಘ ಶುದ್ಧ ತದಿಗೆ. ಕ್ರಿಸ್ತಶಕದ ಲೆಕ್ಕದಲ್ಲಿ ಸುಮಾರು 77. ಮುಂದೆ ಬ್ರಿಟಿಷ್ ಅಧಿಕಾರಿಗಳ ಬರಹಗಳಿಗೂ ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಜಾತಿ-ಬುಡಕಟ್ಟುಗಳ ಸಂಪುಟಗಳಿಗೂ ಈ ತಾರೀಕು ಹಾಗೆಯೇ ಇಳಿಯಿತು.

ಕಟ್ಟುಕಟ್ಟಳೆ ಸಿಕ್ಕಿಬೀಳುವುದೂ ಈ ತಾರೀಕಿನಲ್ಲೇ. ಶಕ ವರ್ಷಕ್ಕೆ ಶಾಲಿವಾಹನನ ಹೆಸರು ಅಂಟಿಕೊಂಡದ್ದು ಆ ಶಕ ಶುರುವಾಗಿ ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಒಂದನೆಯ ವರ್ಷದಲ್ಲಿ ಕಟ್ಟಳೆ ಬರೆಸಿದ ಅರಸನಿಗೆ ಆ ಹೆಸರು ಗೊತ್ತಿರಲು ಸಾಧ್ಯವಿಲ್ಲ. ಜಯಂತಿಕಾ ಎಂದರೆ ಬಾರ್ಕೂರು ಎಂಬುದು ನಂಬಿಕೆ. ಆದರೆ ತುಳುನಾಡನ್ನು ಬಹುಕಾಲ ಆಳಿದ ಅಳುಪರ ರಾಜಧಾನಿ ಮೊದಲು ಮಂಗಳೂರಿನಲ್ಲಿ, ಉದ್ಯಾವರದಲ್ಲಿ ಇತ್ತು. ಬಾರ್ಕೂರಿಗೆ ಆ ಪದವಿ ಬಂದದ್ದು ತಡವಾಗಿ. ಪಾಂಡ್ಯ ಎಂಬ ಬಿರುದನ್ನೂ ಹೊತ್ತವರು ನಡುಗಾಲದ ಅಳುಪರು. ಕಥೆ ಕಟ್ಟಿದವನಿಗೆ ಹಳಬರ ಹೆಸರುಗಳು ಗೊತ್ತಿದ್ದವು, ಅವು ಯಾವ ಕಾಲಕ್ಕೆ ಸೇರಿದವೆಂಬುದು ಗೊತ್ತಿರಲಿಲ್ಲ. ಬಿ.ಎ. ಸಾಲೆತೊರೆ 1936ರಲ್ಲಿ ತುಳುವ ಇತಿಹಾಸವನ್ನು ಬರೆಯುವಾಗ ಈ ಗಂಟುಗಳನ್ನು ಬಿಡಿಸುವುದಕ್ಕೆ ಸಾಕಷ್ಟು ಪುಟ ಕೊಡಬೇಕಾಯಿತು.

ಅರಸ ಕಲ್ಪಿತನೆಂದ ಮಾತ್ರಕ್ಕೆ ಪದ್ಧತಿಯೂ ಕಲ್ಪಿತವಲ್ಲ. ಪುತ್ತಿಗೆ-ಮೂಡುಬಿದಿರೆಯ ಚೌಟರು, ಬಂಗವಾಡಿಯ ಬಂಗರು, ವೇಣೂರಿನ ಅಜಿಲರು, ಮೂಲ್ಕಿಯ ಸಾವಂತರು ಎಲ್ಲರೂ ಅಳಿಯಕಟ್ಟಿನವರೇ. ಉಳ್ಳಾಲದ ಅಬ್ಬಕ್ಕನಿಗೆ ಪಟ್ಟ ಬಂದದ್ದು ಮಾವ ತಿರುಮಲರಾಯ ಚೌಟನ ಕಡೆಯಿಂದ. 1623ರಲ್ಲಿ ಮಂಗಳೂರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡು ಮಾತಾಡಿಸಿ ಹೋದ. ಕೆಲಸದ ಸ್ಥಳದಲ್ಲಿ ತಾನೇ ನಿಂತು ಆಡಳಿತ ನಡೆಸುತ್ತಿದ್ದ ಹೆಂಗಸು ಅವನ ಪತ್ರಗಳಲ್ಲಿ ಸಿಗುತ್ತಾಳೆ. 1801ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ ಸಲ್ಲುವುದನ್ನು ಬರೆದಿಟ್ಟಿದ್ದಾನೆ. ಅಂದರೆ ಪದ್ಧತಿ ಹಳೆಯದು; ಹೊಸದಾಗಿ ಬೇಕಾದದ್ದು ಅದಕ್ಕೊಂದು ಪುಸ್ತಕ.

ಬೇಡಿಕೆ ಹುಟ್ಟಿದ್ದು ಕೋರ್ಟಿನಲ್ಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಜಿಲ್ಲೆ ಕಂಪನಿಯ ಕೈಸೇರಿತು. ಹಿಂದೂಗಳ ದಾಯಭಾಗದ ವ್ಯಾಜ್ಯವನ್ನು ಅವರವರ ಶಾಸ್ತ್ರಗ್ರಂಥದ ಪ್ರಕಾರ ತೀರ್ಮಾನಿಸಬೇಕೆಂಬುದು 1772ರಿಂದ ಕಂಪನಿಯ ನೀತಿ. ಶಾಸ್ತ್ರವೆಂದರೆ ದಕ್ಷಿಣದಲ್ಲಿ ಮಿತಾಕ್ಷರ, ಅದರಂತೆ ಆಸ್ತಿ ಮಗನಿಗೆ. ಮಿತಾಕ್ಷರವನ್ನು ಒಪ್ಪಿದರೆ ಗುತ್ತುಗಳ ಬುಡವೇ ಅಲುಗುತ್ತಿತ್ತು. ನಮ್ಮ ರೂಢಿ ಬೇರೆ ಎಂದು ಬಾಯಲ್ಲಿ ಹೇಳಿದರೆ ನ್ಯಾಯಾಧೀಶ ಕೇಳುತ್ತಿದ್ದುದು ಎಲ್ಲಿ ಬರೆದಿದೆ ಎಂದು. 19ನೇ ಶತಮಾನದಲ್ಲಿ ಬರೆದದ್ದು ಸಿಕ್ಕಿತು. ಮನು, ಯಾಜ್ಞವಲ್ಕ್ಯರ ಎದುರು ಇಡಬಹುದಾದ ಒಬ್ಬ ಶಾಸನಕಾರ, ಅವನದೊಂದು ಸಂಹಿತೆ, ಸಂವತ್ಸರ-ತಿಥಿ ಸಮೇತ.

ಈ ಹೊತ್ತಿಗೆ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿ ಬಂದವನು ಆರ್ಥರ್ ಕೋಕ್ ಬರ್ನೆಲ್. ಹುಟ್ಟಿದ್ದು 1840ರಲ್ಲಿ, ಸತ್ತದ್ದು 1882ರಲ್ಲಿ. ಬದುಕಿದ ನಲವತ್ತೆರಡು ವರ್ಷದಲ್ಲಿ ಮೂರು ಜನ ಮಾಡುವಷ್ಟು ಕೆಲಸ ಮಾಡಿದವನು. ವರದರಾಜನ ವ್ಯವಹಾರನಿರ್ಣಯದ ದಾಯಭಾಗವನ್ನು ಹಸ್ತಪ್ರತಿಯಿಂದ ಅನುವಾದಿಸಿ 1872ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ. ದಕ್ಷಿಣ ಭಾರತದ ಲಿಪಿಶಾಸ್ತ್ರದ ಮೊದಲ ದೊಡ್ಡ ಪುಸ್ತಕ 1874ರಲ್ಲಿ ಹೊರಬಂದದ್ದೂ ಇಲ್ಲಿಯ ಬಾಸೆಲ್ ಮಿಶನ್ ಮುದ್ರಣಾಲಯದಿಂದ. ತುಳುವರ ಭೂತಾರಾಧನೆಯ ಬಗ್ಗೆ ಅವನು ಸೇರಿಸಿಟ್ಟ ಪಾಡ್ದನಗಳೂ ಟಿಪ್ಪಣಿಗಳೂ ಅವನು ಸತ್ತ ಮೇಲೆ 1894ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಕಂತುಕಂತಾಗಿ ಬಂದವು. ಕಾನೂನು, ಲಿಪಿ, ಭೂತ ಮೂರನ್ನೂ ಬಲ್ಲವನ ಕೈಗೆ ಈ ಕಟ್ಟುಕಟ್ಟಳೆ ಬಿದ್ದದ್ದು ಅದರ ದುರದೃಷ್ಟ. ಬರ್ನೆಲ್ ಮುಲಾಜಿಟ್ಟುಕೊಳ್ಳಲಿಲ್ಲ, ಇದು ಈಚೆಗೆ ಹೊಸೆದ ನಕಲಿ ಎಂದ. ಅಳಿಯಸಂತಾನ ಕಾನೂನಿನ ಮೇಲೆ ಮುಂದೆ ಬರೆದವರಿಗೆ ಈ ಮಾತನ್ನು ದಾಟಿ ಹೋಗಲು ಆಗಲಿಲ್ಲ.

ನಕಲಿ ಎಂದದ್ದರಲ್ಲಿ ಬರ್ನೆಲ್‌ಗೆ ತಪ್ಪು ಹೊರಿಸುವಂತಿಲ್ಲ. ಆದರೆ ಅದನ್ನು ಬರೆದವನನ್ನು ಬರೀ ಮೋಸಗಾರನೆಂದು ತಳ್ಳಿಹಾಕುವುದು ಅರ್ಧ ನ್ಯಾಯ. ನೂರಾರು ವರ್ಷ ನಡೆದುಬಂದದ್ದನ್ನು ಕಾಗದವಿಲ್ಲದ ಕಾರಣಕ್ಕೆ ಇಲ್ಲವೆನ್ನುವ ಕೋರ್ಟು ಕಾಗದವನ್ನು ತಾನೇ ಹುಟ್ಟಿಸುತ್ತದೆ.

ಇಂದಿನ ಹುಡುಗರು ಆಡುವ ಕಲ್ಪನಾಲೋಕದ ಪಾತ್ರಾಭಿನಯ ಆಟಗಳಲ್ಲಿ, ನಿಯಮಕ್ಕೊಬ್ಬ ಪೂರ್ವಜನನ್ನು ಹೊಸೆಯುವ ಇದೇ ಕಸುಬು ಬಹಿರಂಗವಾಗಿ ನಡೆಯುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಹೊರತಂದಾಗ ಅದು ಬಹುಮಟ್ಟಿಗೆ ನಿಯಮಗಳ ಪುಸ್ತಕವಾಗಿತ್ತು; ಲೋಕಗಳು, ವಂಶಗಳು, ಮೂಲಪುರುಷರು ಆಮೇಲೆ ತುಂಬಿಕೊಂಡರು. ಮರುವರ್ಷ ಬಂದ ಎಂಪೈರ್ ಆಫ್ ದಿ ಪೆಟಲ್ ಥ್ರೋನ್ ಆಟವನ್ನು ರೂಪಿಸಿದ ಎಂ.ಎ.ಆರ್. ಬಾರ್ಕರ್ ದಕ್ಷಿಣ ಏಷ್ಯಾದ ಭಾಷೆಗಳನ್ನು ಕಲಿಸುತ್ತಿದ್ದ ಪ್ರಾಧ್ಯಾಪಕ. ಟೆಕುಮೆಲ್ ಎಂಬ ತನ್ನ ಲೋಕಕ್ಕೆ ಅವನು ಕುಲ, ಭಾಷೆ, ಸಾವಿರಾರು ವರ್ಷಗಳ ಚರಿತ್ರೆ ಎಲ್ಲವನ್ನೂ ಕೊಟ್ಟ. ಈ ಕುಲಕ್ಕೆ ಈ ಶಕ್ತಿ ಏಕೆ, ಆ ಕತ್ತಿ ಇವನಿಗೇ ಏಕೆ ಎಂಬುದಕ್ಕೆ ಹಿಂದೊಮ್ಮೆ ಇದ್ದ ಒಬ್ಬ ಅಜ್ಜನ ಕಥೆ ಬೇಕಾಗುತ್ತದೆ. ಭೂತಾಳ ಪಾಂಡ್ಯ ಹುಟ್ಟಿದ ಬಗೆಯೂ ಅದೇ. ಒಂದೇ ವ್ಯತ್ಯಾಸ, ಇಲ್ಲಿ ಪಣಕ್ಕಿದ್ದುದು ಬೈಲು ಗದ್ದೆ, ಬೆಟ್ಟು ಗದ್ದೆ, ಅಡಿಕೆ ತೋಟ.

ತುಳುನಾಡಿನಲ್ಲೇ ಇನ್ನೊಂದು ಮೂಲಕಥೆಯೂ ಇದೆ. ಅದನ್ನು ಯಾರೂ ಕೋರ್ಟಿಗೆ ಒಯ್ಯಲಿಲ್ಲ. ಸತ್ಯನಾಪುರದ ಬಿರ್ಮಾಳ್ವ ಅಜ್ಜನಿಗೆ ಹಿಂಗಾರದ ಪ್ರಸಾದದಿಂದ ದೊರೆತ ಸಿರಿ ಅರಮನೆಯ ಹಕ್ಕಿಗಾಗಿ ದಾಯಾದಿಯ ಎದುರು ನಿಲ್ಲುತ್ತಾಳೆ, ಲಂಚ ತಿಂದ ಕೂಟದಲ್ಲಿ ಸೋಲುತ್ತಾಳೆ, ಗಂಡ ಕಾಂತು ಪೂಂಜನನ್ನು ಬಿಟ್ಟು ನಡೆಯುತ್ತಾಳೆ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಈ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಾಯಿತು. ಕವತ್ತಾರು, ಹಿರಿಯಡ್ಕ, ನಂದಳಿಕೆಯ ಸಿರಿ ಜಾತ್ರೆಗಳಲ್ಲಿ ಹೆಂಗಸರು ಇಂದಿಗೂ ಸಿರಿಯಾಗಿ, ಅದೇ ಕಥೆಯ ಸೊನ್ನೆಯಾಗಿ, ಗಿಂಡೆಯಾಗಿ ಆವೇಶಗೊಂಡು ಮಾತಾಡುತ್ತಾರೆ. ಹೆಣ್ಣುಗೆರೆಯಲ್ಲಿ ಹಕ್ಕು ಸಾಗಿದರೂ ಹೆಣ್ಣಿನ ಕೈಗೆ ಅದು ಸುಲಭವಾಗಿ ದಕ್ಕಲಿಲ್ಲವೆಂಬುದನ್ನು ಸಿರಿಯ ಕಥೆ ಹೇಳಿದಷ್ಟು ನೇರವಾಗಿ ಯಾವ ಕಟ್ಟುಕಟ್ಟಳೆಯೂ ಹೇಳುವುದಿಲ್ಲ.

ಕಟ್ಟುಕಟ್ಟಳೆ ನಕಲಿಯೋ ಅಸಲಿಯೋ, ಅಳಿಯಸಂತಾನ ಪದ್ಧತಿಯನ್ನು ಕೋರ್ಟು ಒಪ್ಪಿಕೊಂಡಿತು, ಒಪ್ಪಿಕೊಂಡು ಬಿಗಿಯನ್ನೂ ಮಾಡಿತು. 1863ರ ಮುಂಡ ಚೆಟ್ಟಿ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟು, ಕುಟುಂಬದ ಒಬ್ಬ ಸದಸ್ಯ ಬೇಕೆಂದ ಮಾತ್ರಕ್ಕೆ ಆಸ್ತಿ ಪಾಲು ಮಾಡಿಸುವಂತಿಲ್ಲ ಎಂಬ ನಿಲುವು ತಳೆಯಿತು. 1880ರ ದಶಕದಲ್ಲಿ ಅದೇ ಹೈಕೋರ್ಟು ಅಳಿಯಸಂತಾನದವರ ಮದುವೆ ದಂಡಸಂಹಿತೆಯ ಅರ್ಥದಲ್ಲಿ ಮದುವೆಯೇ ಅಲ್ಲ ಎಂದಿತು. ದೊಡ್ಡ ಕುಟುಂಬಗಳಲ್ಲಿ ಹತ್ತಾರು ಕವರು, ಅಂದರೆ ಕವಲುಗಳು, ಎಲ್ಲದಕ್ಕೂ ಒಬ್ಬ ಯಜಮಾನ ಅಥವಾ ಯಜಮಾನ್ತಿ. ದುಡಿದು ಗಳಿಸಿದ ಗಂಡಸು ತನ್ನ ಹೆಂಡತಿ ಮಕ್ಕಳಿಗೆ ಏನನ್ನಾದರೂ ಬಿಟ್ಟುಹೋಗಬೇಕಾದರೆ ವೀಲುನಾಮೆಯೇ ಗತಿ. ಮುಂಬಯಿಗೆ ಹೋಗಿ ಹೋಟೆಲು ಹಾಕಿದವರ ಮಕ್ಕಳು ಅಪ್ಪನ ಊರಲ್ಲಿ ನೆಂಟರು, ಮಾವನ ಊರಲ್ಲಿ ವಾರಸುದಾರರು.

ಮದ್ರಾಸ್ ಅಳಿಯಸಂತಾನ ಕಾಯ್ದೆ 1949ರಲ್ಲಿ ಬಂದು ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. ಆ ಕಾಯ್ದೆಯ ಪ್ರಕಾರ ಅಳಿಯಸಂತಾನವೆಂದರೆ ಹೆಣ್ಣುಗೆರೆಯಲ್ಲಿ ವಂಶ ಎಣಿಸುವ, ಕೇರಳದ ಮರುಮಕ್ಕತ್ತಾಯವಲ್ಲದ ದಾಯ ಪದ್ಧತಿ, ಅಷ್ಟೇ. ವ್ಯಾಖ್ಯಾನದಲ್ಲಿ ಭೂತಾಳ ಪಾಂಡ್ಯನ ಹೆಸರಿಲ್ಲ. ಇಷ್ಟು ವರ್ಷ ಸಾಕ್ಷಿಗೆ ಕರೆದ ಪೂರ್ವಜನನ್ನು ಶಾಸನಸಭೆ ಸದ್ದಿಲ್ಲದೆ ಕೈಬಿಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 7ನೇ ಕಲಮಿನಿಂದ, ಸತ್ತವರ ಪಾಲು ಅಳಿಯಕಟ್ಟಿನಂತಲ್ಲದೆ ಆ ಕಾಯ್ದೆಯಂತೆಯೇ ಹಂಚಿಹೋಗತೊಡಗಿತು. ಕಾಸರಗೋಡಿನ ಕಡೆ ಕೇರಳದ ಅವಿಭಕ್ತ ಕುಟುಂಬ ರದ್ದಿಯಾತಿ ಕಾಯ್ದೆ 1976ರ ಡಿಸೆಂಬರಿನಲ್ಲಿ ಜಾರಿಯಾಗಿ ಉಳಿದದ್ದನ್ನೂ ಮುಗಿಸಿತು. ಅಷ್ಟರಲ್ಲಿ, ಕರ್ನಾಟಕದ 1974ರ ಭೂಸುಧಾರಣೆಯಿಂದ ಚಾಲಗೇಣಿ, ಮೂಲಗೇಣಿಯ ಭೂಮಿ ಒಕ್ಕಲುಗಳ ಹೆಸರಿಗಾಗತೊಡಗಿತ್ತು. ಹಂಚಿಕೊಳ್ಳಲು ಹಲವು ಗುತ್ತುಗಳಲ್ಲಿ ಮನೆ, ನಾಗಬನ, ದೈವದ ಚಾವಡಿ ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

ಬಜಪೆಯಲ್ಲಿ ಅವಕ್ಕೂ ಕುತ್ತು ಬಂತು. 1951ರ ಡಿಸೆಂಬರ್ 25ರಂದು ನೆಹರೂ ಇಳಿದ ವಿಮಾನ ನಿಲ್ದಾಣ ಬೆಳೆಯುತ್ತ ಕೆಂಜಾರಿನ ಕಡೆ ಚಾಚಿತು. ಪೆರ್ಮುದೆ, ಕಳವಾರಿನತ್ತ ವಿಶೇಷ ಆರ್ಥಿಕ ವಲಯ ಬಂತು. ಪರಿಹಾರದ ಹೊತ್ತಿನಲ್ಲಿ ಕುಟುಂಬದ ಎಷ್ಟು ಕವರು, ಯಾರ್‍ಯಾರ ಸಹಿ ಎಂಬ ಹಳೆಯ ಲೆಕ್ಕ ಮತ್ತೆ ಮೇಲೆದ್ದಿತು. ನಾಗಬನವನ್ನೂ ದೈವಸ್ಥಾನವನ್ನೂ ಎಬ್ಬಿಸಿ ಬೇರೆಡೆ ಕೂರಿಸಿದ್ದಾಯಿತು. ಕಲ್ಲುಗಳಿಗೆ ಹೊಸ ಜಾಗ ಸಿಕ್ಕಿತು. ಕುಟುಂಬದ ಹಳೆಯ ಕಾಗದಗಳನ್ನು ಕೇಳಿದವರು ಕಡಿಮೆ.

ಕಾನೂನಿನಿಂದ ಹೋದದ್ದು ದೈವದ ಅಂಗಳದಲ್ಲಿ ಮಾತ್ರ ಉಳಿದಿದೆ. ಗುತ್ತಿನ ಯಜಮಾನಿಕೆಯ ಗಡಿ ಪ್ರದಾನವಾಗುವಾಗ ಇಂದಿಗೂ ತಾಯಿಯ ಕಡೆಯ ಸಂತಾನವನ್ನೇ ನೋಡುತ್ತಾರೆ. ನೇಮದಲ್ಲಿ ಗಡಿಕಾರನನ್ನು ದೈವ ಕರೆಯುವುದು ಆ ನೆಲೆಯಿಂದಲೇ. ಮದುವೆಗೆ ಮೊದಲು ಕೇಳುವ ಬರಿ, ಅಂದರೆ ಗೋತ್ರವೂ ತಾಯಿಯದೇ. ಪಹಣಿಯಲ್ಲಿ ಮಗನ ಹೆಸರು, ಚಾವಡಿಯಲ್ಲಿ ಅಳಿಯನ ಹೆಸರು ಎಂಬ ಎರಡು ಲೆಕ್ಕ ಒಂದೇ ಮನೆಯಲ್ಲಿ ನಡೆಯುತ್ತಿದೆ.

ಕಟ್ಟುಕಟ್ಟಳೆಯನ್ನು ಮೊದಲು ಬರೆದವನ ಗುರುತು ಸಿಗಬೇಕಾದರೆ ಅದರ ಹಳೆಯ ಪ್ರತಿಗಳನ್ನು ಒಟ್ಟಿಗಿಟ್ಟು ಓದಬೇಕು. ಬಜಪೆ ಸುತ್ತಿನ ತರವಾಡು ಮನೆಗಳ ಅಟ್ಟದಲ್ಲಿ ಕಡತ, ಓಲೆಗರಿ, ಪಾಲುಪಟ್ಟಿ, ಗೇಣಿಚೀಟುಗಳು ಇದ್ದರೆ ಮನೆ ಕೆಡವುವ ಮುನ್ನ ಅವನ್ನು ಗುಜರಿಗೆ ಹಾಕದೆ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೋ ಮಂಗಳೂರು ವಿಶ್ವವಿದ್ಯಾನಿಲಯಕ್ಕೋ ತೋರಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಚಿತ್ರವನ್ನಾದರೂ ತೆಗೆದಿಡಿ.