ಕೋಬೆಯ ಹಾಡಿನ ಪಟ್ಟಿಯಲ್ಲಿ ನಮ್ಮ ವರ್ಣಮಾಲೆ

'ಳ' ಬಂತೆಂದರೆ ಮುಗಿಯಿತು! ಗಜೇಂದ್ರಗಡದ ಕಾಲಕಾಲೇಶ್ವರನ ಜಾತ್ರೆಗೆ ಹೊರಟ ಟ್ರ್ಯಾಕ್ಟರ್ ಇರಲಿ, ನರಗುಂದದಿಂದ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಟಂಟಂ ಇರಲಿ, ರೋಣದ ಶಾಲೆಯ ಹುಡುಗರು ತುಂಬಿದ ಪಟ್ಟದಕಲ್ಲಿನ ಪ್ರವಾಸದ ಬಸ್ಸಿರಲಿ, ಅಂತ್ಯಾಕ್ಷರಿ ಶುರುವಾದರೆ ಈ ಒಂದು ಅಕ್ಷರಕ್ಕೆ ಎಲ್ಲರೂ ಅಂಜುತ್ತಾರೆ. "ಳ ಬಂತಲ್ರೀ ಯಕ್ಕಾ, ಈಗೇನ್ ಹಾಡ್ತೀರಿ?" ಅಂತ ಎದುರಿನ ಪಾರ್ಟಿಯವರು ಚಪ್ಪಾಳೆ ತಟ್ಟುತ್ತಾರೆ. ಹತ್ತು ಎಣಿಸುವುದರೊಳಗೆ ಹಾಡು ಸಿಗಬೇಕು. ಸಿಗುವುದೆಲ್ಲಿಂದ? ಕನ್ನಡದಲ್ಲಿ ಯಾವ ಪದವೂ ಳಕಾರದಿಂದ ಆರಂಭವಾಗುವುದಿಲ್ಲ. ಣಕಾರದ ಗತಿಯೂ ಅದೇ. ಕೊನೆಗೆ ಯಾರೋ ಹಿರಿಯರು ರಾಜಿ ಮಾಡಿಸುತ್ತಾರೆ: ಳ ಬಂದರೆ ಲ, ಣ ಬಂದರೆ ನ. ಆಟ ಮತ್ತೆ ಮುಂದಕ್ಕೆ ಹೋಗುತ್ತದೆ.

ಈ ಆಟದೊಳಗೆ ಕನ್ನಡದ ವ್ಯಾಕರಣವೇ ಕೂತಿದೆ ನೋಡಿ! ಬಂದನು, ನಕ್ಕನು ಎಂದು ನಾಯಕನ ಮೇಲೆ ಸಾಲು ಮುಗಿದರೆ ಮುಂದಿನವರಿಗೆ 'ನ' ಸಿಕ್ಕಿತು. ನಕಾರದ ಹಾಡಿಗೆ ಬರಗಾಲವಿಲ್ಲ. ಅದೇ ನಾಯಕಿ ಬಂದಳು, ನಕ್ಕಳು ಎಂದರೆ ಎದುರಿನವರ ಬಾಯಿ ಕಟ್ಟಿತು. ಬಂದರು, ಹೋದರು ಎಂದು ಮುಗಿದರೆ 'ರ'. ಇಲ್ಲಿ ಇನ್ನೊಂದು ಸೋಜಿಗ. ಅಚ್ಚಗನ್ನಡದ ಪದಗಳು ರಕಾರದಿಂದ ಶುರುವಾಗುವುದು ಬಹಳ ಅಪರೂಪ. ರಾಮ, ರಾಧೆ, ರವಿ, ರಾತ್ರಿ, ರಾಜ ಎಲ್ಲ ಸಂಸ್ಕೃತದಿಂದ ಬಂದವರು. ಇವರು ಬಂದಿರದಿದ್ದರೆ ರಕಾರಕ್ಕೂ ನಾವು ಳಕಾರದ ಹಾಗೇ ಒದ್ದಾಡಬೇಕಾಗಿತ್ತು.

ಈಗ ಏಳು ಸಮುದ್ರ ದಾಟಿ ಜಪಾನಿಗೆ ಬನ್ನಿ. ಅಲ್ಲಿಯ ಮಕ್ಕಳು 'ಶಿರಿತೊರಿ' ಎಂಬ ಆಟ ಆಡುತ್ತಾರೆ. ಒಬ್ಬರ ಪದ ಎಲ್ಲಿ ಮುಗಿಯಿತೋ ಅದೇ ಅಕ್ಷರದಿಂದ ಮುಂದಿನವರ ಪದ ಶುರುವಾಗಬೇಕು. ನಮ್ಮದೇ ಆಟ! ಕೊನೆಗೆ ಅರ್ಧ 'ನ್' ಬರುವ ಪದ ಹೇಳಿದವರು ಸೋತಂತೆ, ಏಕೆಂದರೆ ಆ ಭಾಷೆಯಲ್ಲಿ ಅದರಿಂದ ಯಾವ ಪದವೂ ಆರಂಭವಾಗುವುದಿಲ್ಲ. ನಮಗೆ 'ಳ' ಇದ್ದಂತೆ ಅವರಿಗೆ 'ನ್'. ಇಷ್ಟಕ್ಕೇ ನಿಲ್ಲಲಿಲ್ಲ. ಜಪಾನಿಯ ಮೂಲಪದಗಳೂ ರಕಾರದಿಂದ ಶುರುವಾಗುವುದಿಲ್ಲವಂತೆ! ಅವರ 'ರ' ಪುಟವನ್ನು ತುಂಬಿದ್ದು ಚೀನಾದಿಂದ ಬಂದ ಪದಗಳು, ಆಮೇಲೆ ಇಂಗ್ಲಿಷಿನವು. ಅವರ ನಾಲಿಗೆಯಲ್ಲಿ 'ಲವ್' ಎಂಬುದು 'ರಬು' ಆಗಿ ರಕಾರಕ್ಕೇ ಸೇರಿಕೊಂಡಿದೆ. ಹೀಗೆಂದು ಎರಡೂ ಒಂದೇ ತಾಯಿಯ ಮಕ್ಕಳು ಎಂದುಬಿಡಬಾರದು. ಸುಸುಮು ಓನೊ ಎಂಬ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟು ಕಟ್ಟಲು ಬಹಳ ದುಡಿದರು. ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ. ನನಗೂ ಆ ನಂಟು ಬೇಕಿಲ್ಲ. ಗಟ್ಟಿಯಾದ ನಂಟು ಇನ್ನೊಂದಿದೆ, ಅದು ಕರಾವೊಕೆಯ ಹಾಡಿನ ಪಟ್ಟಿಯಲ್ಲೇ ಇದೆ.

ಕರಾವೊಕೆ ಈಗ ನಮ್ಮೂರಿಗೂ ಹೊಸತಲ್ಲ. ಗಣೇಶನ ಹಬ್ಬದ ಪೆಂಡಾಲಿನಲ್ಲಿ, ಮದುವೆಯ ಹಿಂದಿನ ರಾತ್ರಿ, ಟ್ರ್ಯಾಕ್ ಹಾಕಿಕೊಂಡು ಮೈಕ್ ಹಿಡಿಯುವವರು ಓಣಿಗೊಬ್ಬರಿದ್ದಾರೆ. 1971ರಲ್ಲಿ ಕೋಬೆ ಪಟ್ಟಣದ ದೈಸುಕೆ ಇನೊಉಎ ಎಂಬ ವಾದ್ಯಗಾರ ನಾಣ್ಯ ಹಾಕಿದರೆ ಹಿಮ್ಮೇಳ ನುಡಿಸುವ ಪೆಟ್ಟಿಗೆಗಳನ್ನು ಮಾಡಿಸಿ ಬಾಡಿಗೆಗೆ ಕೊಟ್ಟ. ಮೊದಲ ಕಂತಿನಲ್ಲಿ ಹನ್ನೊಂದು ಪೆಟ್ಟಿಗೆ. ಪೇಟೆಂಟ್ ಮಾಡಿಸಲಿಲ್ಲ, ಹಾಗಾಗಿ ಲೋಕವೆಲ್ಲ ಹಾಡಿತು. ಹಾಡುಗಳು ಸಾವಿರಗಟ್ಟಲೆ ಆದಾಗ ಹುಡುಕುವುದು ಹೇಗೆ? ಪ್ರತಿ ಕೋಣೆಯಲ್ಲೂ ದಪ್ಪ ಪುಸ್ತಕ ಇಟ್ಟರು. ಹಾಡಿನ ಹೆಸರಿನ ಮೊದಲ ಅಕ್ಷರ ಹಿಡಿದು ಪುಟ ತೆರೆಯಬೇಕು, ಎದುರಿಗಿದ್ದ ಸಂಖ್ಯೆಯನ್ನು ಯಂತ್ರಕ್ಕೆ ಒತ್ತಬೇಕು. ಈಗ ಪುಸ್ತಕದ ಜಾಗಕ್ಕೆ ಬೆರಳಿನಿಂದ ಮುಟ್ಟುವ ಪರದೆ ಬಂದಿದೆ, ಅಕ್ಷರದ ಸಾಲು ಮಾತ್ರ ಅದೇ.

ಆ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ.

ಕಿವಿ ನೆಟ್ಟಗಾಗಲಿಲ್ಲವೇ? ರೋಣದ ಅಂಗನವಾಡಿಯ ಮಗು ಪಾಟಿಯ ಮೇಲೆ ತಿದ್ದುವ ಸಾಲು ಇದು! ಸ್ವರ ಮೊದಲು, ವ್ಯಂಜನ ಆಮೇಲೆ. ವ್ಯಂಜನದಲ್ಲಿ ಗಂಟಲಿನ 'ಕ'ದಿಂದ ಹೊರಟು ಹಲ್ಲಿನ 'ತ' ದಾಟಿ ತುಟಿಯ 'ಮ'ಕ್ಕೆ ಬಂದು, ಕೊನೆಗೆ ಯ, ರ, ವ. ತವರ್ಗದ ಕೊನೆಗೆ 'ನ', ಪವರ್ಗದ ಕೊನೆಗೆ 'ಮ', ನಮ್ಮಲ್ಲಿದ್ದಂತೆಯೇ. 'ಸ' ಕೂತಿರುವುದು ನಮ್ಮ 'ಚ'ದ ಜಾಗದಲ್ಲಿ. ಆ ಕಾಲದ ಜಪಾನಿನಲ್ಲಿ ಅದರ ಉಚ್ಚಾರ ಚಕಾರಕ್ಕೆ ಹತ್ತಿರವಿತ್ತೆಂದು ವಿದ್ವಾಂಸರು ಹೇಳುತ್ತಾರೆ. 'ಗ'ಕ್ಕೆ ಬೇರೆ ಸಾಲಿಲ್ಲ, ಕಕಾರದ ಹೆಗಲಿಗೆ ಎರಡು ಚುಕ್ಕಿ ಇಟ್ಟು ಅದೇ ಸಾಲಿನಲ್ಲಿ ಕೂಡಿಸಿದ್ದಾರೆ, ಥೇಟ್ ಒಂದೇ ವರ್ಗದ ಅಕ್ಷರದಂತೆ.

ಇದು ಕಾಕತಾಳೀಯವಲ್ಲ, ಇತಿಹಾಸ. ಬೌದ್ಧಧರ್ಮದ ಜೊತೆಗೆ ಸಂಸ್ಕೃತವೂ ಅದರ ವರ್ಣಮಾಲೆಯೂ ಚೀನಾದ ದಾರಿಯಲ್ಲಿ ಜಪಾನ್ ಸೇರಿದವು. ಭಾರತದ ಭಿಕ್ಷು ಬೋಧಿಸೇನ 736ರಲ್ಲಿ ಅಲ್ಲಿಗೆ ಹೋಗಿ, 752ರಲ್ಲಿ ನಾರಾ ಪಟ್ಟಣದ ಮಹಾಬುದ್ಧನ ಮೂರ್ತಿಗೆ ಕಣ್ಣು ಬರೆದರು. ಕೂಕಾಯ್ ಎಂಬ ಜಪಾನಿ ಭಿಕ್ಷು 804ರಲ್ಲಿ ಚೀನಾಕ್ಕೆ ಹೋಗಿ ಸಿದ್ಧಂ ಎಂಬ ಲಿಪಿಯನ್ನು ಕಲಿತು ಮರಳಿದರು. ಆ ಸಿದ್ಧಂ ಲಿಪಿಯೂ ನಮ್ಮ ಕನ್ನಡ ಲಿಪಿಯೂ ಬ್ರಾಹ್ಮಿಯಿಂದಲೇ ಟಿಸಿಲೊಡೆದವು. ಮಂತ್ರದ ಉಚ್ಚಾರ ತಪ್ಪಬಾರದೆಂದು ಭಿಕ್ಷುಗಳು ಈ ಕ್ರಮವನ್ನು ಅಭ್ಯಾಸ ಮಾಡುತ್ತ ತಮ್ಮ ಭಾಷೆಯ ಧ್ವನಿಗಳನ್ನೂ ಹಾಗೇ ಜೋಡಿಸಿದರು. ಮ್ಯೋಗಾಕು ಎಂಬವರು 1093ರಲ್ಲಿ ಬರೆದ ಗ್ರಂಥದಲ್ಲಿ ಸ್ವರ, ವ್ಯಂಜನ ಕೂಡಿಸಿದ ಈ ಐವತ್ತು ಧ್ವನಿಗಳ ಕೋಷ್ಟಕದ ಚರ್ಚೆ ಇದೆ. ಶತಮಾನಗಳ ಕಾಲ ಮಠಗಳಲ್ಲಿದ್ದ ಕ್ರಮ 1889ರಿಂದ ಹೊರಬಂದ 'ಗೆಂಕಾಯ್' ನಿಘಂಟಿನ ಮೂಲಕ ಊರಿಗೆಲ್ಲ ಬಂತು, ಅಲ್ಲಿಂದ ಕರಾವೊಕೆಯ ಕೋಣೆಗೆ. ಕೋಬೆಯಲ್ಲಿ ಕೆಲಸ ಮುಗಿಸಿ ಮೈಕ್ ಹಿಡಿಯುವ ಗುಮಾಸ್ತ ಮಂತ್ರದ ಕ್ರಮದಲ್ಲಿ ಸಿನಿಮಾ ಹಾಡು ಹುಡುಕುತ್ತಾನೆ!

ನನ್ನನ್ನು ನಿದ್ದೆಗೆಡಿಸಿದ್ದು ಮಾತ್ರ ಆ 'ಹ'. ನಮ್ಮಲ್ಲಿ ಹಕಾರ ಬರುವುದು ಬಹುತೇಕ ಕೊನೆಗೆ, ಸಕಾರದ ನಂತರ. ಜಪಾನಿನ ಪಟ್ಟಿಯಲ್ಲಿ ಅದು ನಕಾರ ಮಕಾರಗಳ ನಡುವೆ, ಅಂದರೆ ನಮ್ಮ 'ಪ'ದ ಜಾಗದಲ್ಲಿ ಏಕಿದೆ? ಏಕೆಂದರೆ ಅದು ಮೊದಲು 'ಪ' ಆಗಿತ್ತು! ಜಪಾನಿಯ ಪಕಾರ ಕಾಲಾಂತರದಲ್ಲಿ ಸವೆದು ಹಕಾರವಾಯಿತು. ಅವರ ಹೂವು ಇಂದು 'ಹನ', ಹಿಂದೆ 'ಪನ' ಆಗಿತ್ತೆನ್ನುತ್ತಾರೆ. ಕನ್ನಡ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕೇ? ನಮ್ಮ 'ಪೂ' ಹೂವಾಯಿತು, 'ಪಾಲ್' ಹಾಲಾಯಿತು, 'ಪುಲಿ' ಹುಲಿಯಾಯಿತು, 'ಪಾಡು' ಹಾಡಾಯಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳ ತುಟಿಗಳು ಒಂದೇ ರೀತಿ ಸಡಿಲವಾದವು. ವ್ಯತ್ಯಾಸ ಇಷ್ಟೇ: ನಮ್ಮ ಪದಗಳು ಪಕಾರದ ಪುಟ ಬಿಟ್ಟು ಎದ್ದು ಹಕಾರದ ಪುಟಕ್ಕೆ ಹೋದವು. ಅವರ ಪದಗಳು ಕೂತಲ್ಲೇ ಕೂತು ದನಿ ಬದಲಿಸಿದವು. ಇಂದಿಗೂ ಅವರ ಪ, ಬ ಎರಡೂ ಹಕಾರದ ಸಾಲಿನಲ್ಲೇ ಸಿಗುತ್ತವೆ.

ಗಜೇಂದ್ರಗಡದಿಂದ ಬೈಕಿನಲ್ಲಿ ಹೊರಟರೆ ಸೂಡಿ ದೂರವಿಲ್ಲ. ಚಾಲುಕ್ಯರ ಕಾಲದ ಜೋಡುಕಳಸದ ಗುಡಿ, ನಾಗಕುಂಡ, ಶಾಸನಗಳು. ಆ ಗುಡಿ 11ನೇ ಶತಮಾನದ್ದು, ಮ್ಯೋಗಾಕು ಬರೆದ ಶತಮಾನವೂ ಅದೇ. ಇಲ್ಲಿ ಕಲ್ಲಿನ ಮೇಲೆ ಉಳಿ, ಅಲ್ಲಿ ಕಾಗದದ ಮೇಲೆ ಕುಂಚ, ಎರಡರ ಹಿಂದೆಯೂ ಅದೇ ಅ, ಇ, ಉ, ಅದೇ ಕ, ತ, ಮ! ಗಾಯಕ ಭೀಮಸೇನ ಜೋಶಿಯವರು ಹುಟ್ಟಿದ ರೋಣದಲ್ಲಿ ಹಾಡಿಗೆ ಗೌರವ ಮೊದಲಿಂದಲೂ ಇದೆ. ಅಕ್ಷರದ ಈ ದೊಡ್ಡ ಸಂಚಾರದ ಕಥೆಯನ್ನೂ ಇಲ್ಲಿಯ ಶಾಲೆಗಳಲ್ಲಿ ಹೇಳಬೇಕು ಅನ್ನಿಸುತ್ತದೆ.

ಜಪಾನಿಗರಿಗಿಲ್ಲದ ಒಂದು ಅನುಕೂಲ ನಮಗಿದೆ. ಅವರ ಹಾಡಿನ ಹೆಸರು ಬೇರೆ, ಹಾಡಿನ ಮೊದಲ ಸಾಲು ಬೇರೆ ಇರುವುದುಂಟು. ಹೆಸರು ಚೀನೀ ಚಿತ್ರಾಕ್ಷರದಲ್ಲಿದ್ದರೆ ಅದನ್ನು ಹೇಗೆ ಓದಬೇಕೆಂದು ಗೊತ್ತಿದ್ದರಷ್ಟೇ ಪುಟ ಸಿಗುತ್ತದೆ. ನಮ್ಮ ಹಾಡಿಗೆ ಮೊದಲ ಸಾಲೇ ಹೆಸರು. ವಚನ ಸಂಪುಟಗಳ ಕೊನೆಗೂ ದಾಸರ ಪದಗಳ ಪುಸ್ತಕದ ಕೊನೆಗೂ ಇರುವ ಅಕಾರಾದಿಯನ್ನು ನೋಡಿ, ಶೀರ್ಷಿಕೆಯಿಲ್ಲದ ಸಾವಿರಾರು ವಚನಗಳನ್ನು ಮೊದಲ ಅಕ್ಷರವೇ ಕೈಹಿಡಿದು ತಂದುಕೊಡುತ್ತದೆ. ಅಕ್ಷರ ಸಿಕ್ಕಿತೆಂದರೆ ಹಾಡು ಆಗಲೇ ಬಾಯಲ್ಲಿದೆ.

ಆದರೆ ಫೋನಿನ ಕರಾವೊಕೆ ತೆರೆದರೆ ನಮ್ಮ ಹಾಡುಗಳ ಹೆಸರು ಬಹಳ ಸಲ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ. ಅಲ್ಲಿ ತ, ಥ, ಟ, ಠ ನಾಲ್ಕೂ ಒಂದೇ ಅಕ್ಷರದ ಕೆಳಗೆ. ದ, ಧ, ಡ, ಢ ಇನ್ನೊಂದರ ಕೆಳಗೆ. ಇಷ್ಟು ಅಚ್ಚುಕಟ್ಟಾದ ಸಾಲು ಕೈಯಲ್ಲಿದ್ದೂ ಅದನ್ನು ಬಿಟ್ಟುಕೊಟ್ಟಿರುವುದು ನನಗೆ ನಿಜಕ್ಕೂ ಸಂಕಟ. ಮೈಕ್ ಬಾಡಿಗೆಗೆ ಕೊಡುವವರು, ಶಾಲೆಯ ಗುರುಗಳು, ಭಜನಾ ಮೇಳದವರು ಕೂಡಿ ಒಂದು ಪುಸ್ತಕ ಮಾಡಲಿ: ಸಿನಿಮಾ ಹಾಡು, ಜಾನಪದ, ಭಾವಗೀತೆ, ತತ್ವಪದ, ವಚನ ಎಲ್ಲವೂ ಅ ಆ ಇ ಈ ಕ್ರಮದಲ್ಲಿ, ಎದುರಿಗೊಂದು ಸಂಖ್ಯೆ. ರಕಾರದ ಪುಟ ಎಷ್ಟು ತುಂಬುತ್ತದೆ ಎಂಬುದು ನನಗಿರುವ ದೊಡ್ಡ ಕುತೂಹಲ. ಳಕಾರಕ್ಕೂ ಒಂದು ಪುಟ ಬಿಡಲಿ, ಅದರ ಮೇಲೆ ಟ್ರ್ಯಾಕ್ಟರಿನ ಹಿರಿಯರ ನಿಯಮವನ್ನು ಅಚ್ಚು ಹಾಕಿಸಲಿ: ಲಕಾರ ನೋಡಿರಿ.