ಹಳೇ ಗಾಡಿಯ ಬೀಗ ಓದುವವರು

ಅಪ್ಪನ ಕಾಲದ ಚೇತಕ್ ಸ್ಕೂಟರು ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ. ಒಂದು ದಿನ ಮಗನಿಗೋ ಮೊಮ್ಮಗಳಿಗೋ ಅದನ್ನು ಮತ್ತೆ ಓಡಿಸುವ ಹಂಬಲ ಹುಟ್ಟುತ್ತದೆ. ಟೈರು, ಕ್ಲಚ್ ಕೇಬಲ್ಲು, ಕಾರ್ಬ್ಯುರೇಟರು ಎಲ್ಲ ಹೇಗೋ ಹೊಂದುತ್ತವೆ. ಹ್ಯಾಂಡಲ್ ಮಾತ್ರ ಒಂದು ಕಡೆಗೆ ವಾಲಿ ಲಾಕ್ ಆಗಿದೆ, ಕೀ ಎಲ್ಲಿ ಹೋಯಿತೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಲಾಕ್ ಒಡೆದು ಹೊಸದು ಹಾಕಿಬಿಡೋಣ ಎಂಬ ಸಲಹೆ ಬರುವುದು ಇಂಥ ಹೊತ್ತಿನಲ್ಲೇ. ಅದಕ್ಕೆ ತಲೆಯಾಡಿಸುವ ಮುನ್ನ, ಕಬ್ಬಿಣದ ಬಳೆಗೆ ಕೀಗಳ ಗೊಂಚಲು ಪೋಣಿಸಿಕೊಂಡು ಪೇಟೆಯ ಫುಟ್‌ಪಾತಿನಲ್ಲಿ ಕೂತವರನ್ನು ಒಮ್ಮೆ ಕಾಣಬೇಕು.

ಬೆಂಗಳೂರಿನ ಶಿವಾಜಿನಗರ, ಕಲಾಸಿಪಾಳ್ಯದಂಥ ಕಡೆ ಇವರು ಸುಲಭವಾಗಿ ಸಿಗುತ್ತಾರೆ. ಸಣ್ಣ ಊರುಗಳಲ್ಲೂ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಒಬ್ಬರಾದರೂ ಇರುತ್ತಾರೆ. ದೇಶದ ಹಲವು ಪಟ್ಟಣಗಳಲ್ಲಿ ಕೀ ಮಾಡುವ ಈ ಕಸುಬು ಸಿಕ್ಲಿಗಾರರ ಕೈಯಲ್ಲಿದೆ. ಹಿಂದೆ ಕತ್ತಿ, ಭರ್ಜಿಗಳನ್ನು ತಯಾರಿಸಿ ಸಾಣೆ ಹಿಡಿಯುತ್ತಿದ್ದ ಸಮುದಾಯ ಅದು. ಇವರ ಅಂಗಡಿ ಎಂದರೆ ಒಂದು ಪೆಟ್ಟಿಗೆ. ಅದರಲ್ಲಿ ಚಪ್ಪಟೆ ಅರ, ಮೂರು ಮೂಲೆಯ ಅರ, ಕೈಯಲ್ಲಿ ಹಿಡಿಯುವ ಸಣ್ಣ ವೈಸು, ಇನ್ನೂ ಹಲ್ಲು ಕೊರೆಯದ ಹಿತ್ತಾಳೆಯ ಬ್ಲ್ಯಾಂಕುಗಳು. ಮಾದರಿಗೆ ಹಳೆಯ ಕೀ ಇದ್ದರೆ ನಕಲು ತೆಗೆಯುವ ಮೆಷಿನ್ನು ಕೆಲವೇ ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಮಾದರಿಯೇ ಇಲ್ಲದಾಗ ಕೀಯನ್ನು ಬೀಗದೊಳಗಿನಿಂದಲೇ ಓದಿ ತೆಗೆಯಬೇಕು. ಈ ಕಸುಬಿನ ನಿಜವಾದ ವಿದ್ಯೆ ಇರುವುದು ಅಲ್ಲಿ.

ಹಳೆಯ ಸ್ಕೂಟರು, ಕಾರುಗಳ ಬೀಗದ ಒಳಗೆ ತಿರುಗುವ ಒಂದು ಉರುಳೆ ಇರುತ್ತದೆ. ಅದರೊಳಗೆ ಸಾಲಾಗಿ ತೆಳ್ಳನೆಯ ಲೋಹದ ಬಿಲ್ಲೆಗಳು, ಒಂದೊಂದಕ್ಕೂ ಒಂದು ಪುಟ್ಟ ಸ್ಪ್ರಿಂಗು. ಕೀ ಇಲ್ಲದಾಗ ಬಿಲ್ಲೆಗಳ ಅಂಚು ಹೊರಚಿಪ್ಪಿನ ಕೊರಕಲಿಗೆ ಸಿಕ್ಕಿಕೊಂಡು ಉರುಳೆ ತಿರುಗದಂತೆ ತಡೆಯುತ್ತದೆ. ಸರಿಯಾದ ಕೀಯ ಏರುತಗ್ಗುಗಳು ಪ್ರತಿ ಬಿಲ್ಲೆಯನ್ನೂ ಅದರ ಎತ್ತರಕ್ಕೆ ತಂದು ನಿಲ್ಲಿಸುತ್ತವೆ. ಎಲ್ಲವೂ ಒಂದೇ ಮಟ್ಟಕ್ಕೆ ಬಂದಾಗ ಉರುಳೆ ತಿರುಗುತ್ತದೆ.

ಕೀ ಮಾಡುವವರು ಬ್ಲ್ಯಾಂಕನ್ನು ಒಳಗೆ ತೂರಿಸಿ, ಒತ್ತಿ ತಿರುಗಿಸಲು ನೋಡುತ್ತಾ ಮೆಲ್ಲಗೆ ಅಲುಗಾಡಿಸುತ್ತಾರೆ. ಆ ಒತ್ತಡಕ್ಕೆ ಸಿಕ್ಕ ಬಿಲ್ಲೆಗಳು ಮೆದು ಹಿತ್ತಾಳೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಗುರುತು ಬಿಡುತ್ತವೆ. ಗುರುತು ಚೆನ್ನಾಗಿ ಕಾಣಲೆಂದು ಕೆಲವರು ಬ್ಲ್ಯಾಂಕಿನ ಅಂಚಿಗೆ ಮೊದಲೇ ದೀಪದ ಮಸಿ ಹಿಡಿಸುವುದೂ ಉಂಟು. ಹೊರಗೆ ತೆಗೆದು, ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ, ಗುರುತು ಬಿದ್ದ ಜಾಗದಲ್ಲಿ ಮಾತ್ರ ಅರದಿಂದ ಒಂದೆರಡು ಸಲ ಎಳೆಯುತ್ತಾರೆ. ಮತ್ತೆ ಒಳಗೆ, ಮತ್ತೆ ಹೊರಗೆ. ಒಂದು ಬಿಲ್ಲೆ ತನ್ನ ಮಟ್ಟಕ್ಕೆ ಬಂದ ಮೇಲೆ ಅಲ್ಲಿ ಗುರುತು ಬೀಳುವುದು ನಿಲ್ಲುತ್ತದೆ. ಆ ಜಾಗವನ್ನು ಮತ್ತೆ ಮುಟ್ಟಬಾರದು. ಅರ ಒಂದು ಎಳೆತ ಹೆಚ್ಚಾದರೂ ತಗ್ಗು ಆಳವಾಗಿ, ಹೊಸ ಬ್ಲ್ಯಾಂಕಿನಿಂದ ಮೊದಲಿಡಬೇಕಾಗುತ್ತದೆ. ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಕಣ್ಣಿನಷ್ಟೇ ಬೆರಳೂ ಹೇಳುತ್ತದೆ. ಅಳತೆಯ ಪಟ್ಟಿಯಿಲ್ಲದೆ, ರಸ್ತೆಯ ಧೂಳಿನಲ್ಲಿ ಕೂತು ಮಾಡುವ ಈ ಕೆಲಸದ ನಿಖರತೆಗೆ ನಾವು ಕೊಡುವ ಬೆಲೆಯೂ ಮರ್ಯಾದೆಯೂ ತೀರಾ ಕಡಿಮೆ.

ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಹಳೆಯ ಗ್ರೀಸು ಧೂಳಿನೊಡನೆ ಗಟ್ಟಿಯಾಗಿ ಬಿಲ್ಲೆಗಳು ಅಂಟಿಕೊಂಡಿರುತ್ತವೆ. ಅಂಟಿದ ಬಿಲ್ಲೆ ಸುಳ್ಳು ಗುರುತು ಬಿಡುತ್ತದೆ. ಹಾಗಾಗಿ ಬೀಗ ತೊಳೆದು, ಬಿಲ್ಲೆಗಳು ಸಲೀಸಾಗಿ ಆಡುವಂತಾದ ಮೇಲೆಯೇ ಕೆಲಸ ಶುರುವಾಗಬೇಕು. ಎಣ್ಣೆ ಸುರಿದರೆ ಮತ್ತೆ ಧೂಳು ಹಿಡಿಯುತ್ತದೆ. ಒಣ ಗ್ರಾಫೈಟ್ ಪುಡಿ ಮೇಲು.

ಕಾರಿನವರು ನೆನಪಿಡಬೇಕಾದದ್ದು ಎಡಗಡೆಯ ಬಾಗಿಲನ್ನು. ಬಾಗಿಲಿಗೂ ಇಗ್ನಿಷನ್ನಿಗೂ ಒಂದೇ ಕೀ ಇರುವ ಕಾರುಗಳಲ್ಲಿ ಡ್ರೈವರ್ ಕಡೆಯ ಬೀಗ ದಿನವೂ ತಿರುಗಿ ಸವೆದಿರುತ್ತದೆ, ಎಡಗಡೆಯದು ಹೆಚ್ಚು ಬಳಕೆಯಾಗದೆ ಹಾಗೇ ಉಳಿದಿರುತ್ತದೆ. ಅದನ್ನು ಬಿಚ್ಚಿ ತಂದುಕೊಟ್ಟರೆ ಅಳತೆ ಸ್ಪಷ್ಟವಾಗಿ ಸಿಗುತ್ತದೆ. ಬಿಚ್ಚಿದಾಗ ಬೀಗದ ಮೈಮೇಲೆ ನಂಬರ್ ಒತ್ತಿದೆಯೇ ಎಂದೂ ನೋಡಬೇಕು. ಬ್ರಿಟನ್ನಿನ 1960ರ ದಶಕದ ಮಿನಿ, ಎಂಜಿ ಕಾರುಗಳ ಕೀಗಳಲ್ಲಿ ‘ಎಫ್‌ಎಸ್’ ಎಂಬ ಸರಣಿಯೊಂದಿತ್ತು. 876ರಿಂದ 955ರವರೆಗೆ, ಒಟ್ಟು 80 ಬಗೆ ಅಷ್ಟೇ. ನಂಬರ್ ಗೊತ್ತಾದರೆ ಕೀ ಇಲ್ಲದೆಯೇ ಕೀ ಕೊರೆಯಬಹುದು.

ಕಂಪನಿಯಿಂದಲೇ ತರಿಸೋಣವೆಂದರೆ ಎಷ್ಟೋ ಗಾಡಿಗಳಿಗೆ ಆ ದಾರಿಯೇ ಇಲ್ಲ. ಮೈಸೂರಿನಲ್ಲಿ ಜಾವಾ, ಯೆಜ್ಡಿ ಬೈಕುಗಳನ್ನು ಕಟ್ಟುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು, ಮಾರುತಿ 800ರದೂ ಅದೇ ವರ್ಷ. ಇನ್ನು ಹೊಸ ಕಾರುಗಳ ಕೀಯೊಳಗೆ ಎಲೆಕ್ಟ್ರಾನಿಕ್ ಚಿಪ್ಪಿದೆ. ಹಲ್ಲು ಸರಿಯಿದ್ದರೂ ಚಿಪ್ಪಿನ ಗುರುತು ಹೊಂದದಿದ್ದರೆ ಎಂಜಿನ್ ಓಡುವುದಿಲ್ಲ. ಅದಕ್ಕೆ ಬೇಕಾದ ಪ್ರೋಗ್ರಾಮಿಂಗ್ ಯಂತ್ರಕ್ಕೆ ಬಂಡವಾಳ ಹಾಕಿದವರು ಅಂಗಡಿಗೆ ಏರಿದ್ದಾರೆ. ಅರವೊಂದನ್ನೇ ನಂಬಿದವರಿಗೆ ಉಳಿದಿರುವುದು ಮನೆಬೀಗ, ಬೀರು ಮತ್ತು ನಮ್ಮ ಹಳೇ ಗಾಡಿಗಳು.

ಹೋಗುವಾಗ ಆರ್‌ಸಿ ಜೊತೆಗಿರಲಿ. ಗಾಡಿ ಯಾರದೆಂದು ಕೇಳದೆ ಕೀ ಮಾಡಿಕೊಡಲು ಒಪ್ಪುವವರಿಗಿಂತ, “ಮೊದಲು ಆರ್‌ಸಿ ತೋರ್ಸಿ ಸಾರ್” ಎನ್ನುವವರ ಬಳಿ ಕೆಲಸ ಕೊಡುವುದು ಒಳ್ಳೆಯದು. ಹ್ಯಾಂಡಲ್ ಲಾಕ್ ಆದ ಸ್ಕೂಟರನ್ನು ಎಳೆದೊಯ್ಯಲು ಆಗದು. ಅವರನ್ನೇ ಮನೆಗೆ ಕರೆಯಬೇಕು, ಹೋಗಿಬರುವ ಖರ್ಚನ್ನು ಮೊದಲೇ ಮಾತಾಡಿಕೊಳ್ಳಬೇಕು. ಕೀ ತಿರುಗಿದ ಕೂಡಲೇ, ಅವರು ಎದ್ದು ಹೊರಡುವ ಮುನ್ನ, ಅದರಿಂದಲೇ ಎರಡನೆಯದನ್ನೂ ಮಾಡಿಸಿಕೊಳ್ಳಿ. ವರ್ಷಾನುಗಟ್ಟಲೆ ಬಳಸಿ ಸವೆದ ಕೀಯಿಂದ ನಕಲು ತೆಗೆದರೆ ಆ ಸವೆತವೂ ಜೊತೆಗೆ ನಕಲಾಗುತ್ತದೆ.