ತಾಯಿಯೂ ಆದವನ ಬೆಟ್ಟದಲ್ಲಿ

ನದಿಯ ದಡದಲ್ಲಿ ಹುಟ್ಟಿದವರಿಗೆ ಅದು ಮುಂದೆ ಎಲ್ಲಿಗೆ ಹೋಗುತ್ತದೆಂಬ ಕುತೂಹಲ ಒಂದಲ್ಲ ಒಂದು ದಿನ ಹುಟ್ಟದೆ ಇರದು. ನನ್ನ ಹೆಂಡತಿಯ ತವರು ಶ್ರೀರಂಗಪಟ್ಟಣದಿಂದ ಕೆಳಗೆ, ಕಾವೇರಿಯ ಆಚೆ ದಡದ ಒಂದು ಹಳ್ಳಿ. ತಾನು ಆಡಿ ಬೆಳೆದ ಹೊಳೆಯನ್ನು ತಿರುಚಿರಾಪಳ್ಳಿಯಲ್ಲಿ ಒಮ್ಮೆ ಕಾಣಬೇಕೆಂಬುದು ಅವಳ ಬಹುದಿನದ ಬಯಕೆ. ನನಗೋ, ಅಲ್ಲಿನ ಬಂಡೆಯ ಮೇಲಿರುವ ಪಲ್ಲವ ಶಾಸನವನ್ನು ನೋಡುವ ಆಸೆ. ದಸರೆಯ ರಜೆಯಲ್ಲಿ ಇಬ್ಬರೂ ಹೊರಟೆವು.

ಕಾವೇರಿಯು ಮುಕ್ಕೊಂಬಿನಲ್ಲಿ ಕವಲೊಡೆದು, ಕೊಳ್ಳಿಡಮನ್ನು ಬಡಗಕ್ಕೆ ಕಳುಹಿಸಿ, ನಡುವೆ ಶ್ರೀರಂಗದ ದ್ವೀಪವನ್ನು ತಬ್ಬಿಕೊಂಡಿದೆ. ನಮ್ಮ ಶ್ರೀರಂಗಪಟ್ಟಣ ಆದಿರಂಗವಾದರೆ ಇದು ಅಂತ್ಯರಂಗ. ಮೊದಲ ದಿನ ರಂಗನಾಥನ ಏಳು ಪ್ರಾಕಾರಗಳನ್ನು ಸುತ್ತಿದೆವು. ಮರುದಿನ ಬೆಳಗ್ಗೆ, ಊರ ನಡುವೆ ಎಂಬತ್ತು ಮೀಟರಿಗೂ ಮಿಗಿಲಾಗಿ ಎದ್ದು ನಿಂತ ಬಂಡೆಯನ್ನು ಏರತೊಡಗಿದೆವು. ಮೆಟ್ಟಿಲುಗಳು ನಾನೂರಕ್ಕೂ ಹೆಚ್ಚು.

ಅರ್ಧದಾರಿಯಲ್ಲಿ ತಾಯುಮಾನವರ ಗುಡಿ. ‘ತಾಯಿಯೂ ಆದವನು’ ಎಂಬ ಆ ಹೆಸರನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸ್ಥಳಪುರಾಣ ಹೀಗಿದೆ: ರತ್ನಾವತಿಯೆಂಬ ಶಿವಭಕ್ತೆಗೆ ಹೆರಿಗೆಯ ದಿನ ಹತ್ತಿರವಾಯಿತು. ಅವಳ ತಾಯಿ ಪೂಹಾರದಿಂದ ಹೊರಟಳು. ದಾರಿಯಲ್ಲಿ ಕಾವೇರಿಗೆ ಪ್ರವಾಹ ಬಂದು ಹೊಳೆ ದಾಟಲಾಗಲಿಲ್ಲ. ಇತ್ತ ಮಗಳಿಗೆ ನೋವು. ಆಗ ಶಿವನೇ ತಾಯಿಯ ರೂಪದಲ್ಲಿ ಬಂದು ಹೆರಿಗೆ ಮಾಡಿಸಿದನಂತೆ. ನೆರೆ ಇಳಿದು ನಿಜವಾದ ತಾಯಿ ಹೊಸಿಲಿಗೆ ಬಂದಾಗ ಒಳಗೆ ಇನ್ನೊಬ್ಬ ತಾಯಿ! ಸುಖಪ್ರಸವಕ್ಕಾಗಿ ಇಲ್ಲಿ ಬಾಳೆಗೊನೆಯ ಹರಕೆ ಹೊರುವ ವಾಡಿಕೆ ಇಂದಿಗೂ ಇದೆ.

ಕಥೆಯನ್ನು ನಾನು ಉತ್ಸಾಹದಿಂದಲೇ ಹೇಳಿದೆ. ಅವಳು ಮಾತಾಡಲಿಲ್ಲ.

ಇನ್ನೂ ಮೇಲೆ, ಏಳನೆಯ ಶತಮಾನದಲ್ಲಿ ಮಹೇಂದ್ರವರ್ಮ ಪಲ್ಲವನು ಕೊರೆಯಿಸಿದ ಗುಹಾಲಯ. ಗಂಗೆಯನ್ನು ಜಡೆಯಲ್ಲಿ ಹಿಡಿಯುತ್ತಿರುವ ಶಿವ ಅಲ್ಲಿದ್ದಾನೆ. ಪಕ್ಕದ ಕಂಬಗಳ ಮೇಲೆ ಸಂಸ್ಕೃತ ಶಾಸನ. ನದಿಗಳೆಂದರೆ ಸೋಲುವ ಶಿವನು ಕಾವೇರಿಗೂ ಮನಸೋತಾನೆಂದು ಶಂಕಿಸಿದ ಪಾರ್ವತಿ, ತವರನ್ನು ತೊರೆದು ಈ ಬೆಟ್ಟದಲ್ಲೇ ನೆಲೆಸಿ, ಈ ನದಿ ಪಲ್ಲವನ ಪ್ರಿಯೆಯೆಂದು ಸಾರುತ್ತಿರುವಳೆಂಬ ಕಲ್ಪನೆ ಅದರಲ್ಲಿದೆ. ತರಗತಿಯಲ್ಲಿ ಹೇಳುವಂತೆ ಅದನ್ನು ವಿವರಿಸಿದೆ.

“ಬರೆಸಿದವನು ರಾಜನಲ್ಲವೆ? ನದಿ ತನ್ನದೆಂದು ಹೇಳಿಕೊಳ್ಳಲು ದೇವಿಯ ಬಾಯನ್ನು ಎರವಲು ಪಡೆದ,” ಎಂದಳು.

ನಾನು ನಕ್ಕೆ. 1924ರ ಒಪ್ಪಂದದಿಂದ 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೆ ನಾವೆಲ್ಲ ಕಾಗದದ ಮೇಲೆ ಬರೆದದ್ದೂ ಹೆಚ್ಚುಕಡಿಮೆ ಅದೇ ಮಾತು. ಆದರೆ ಅವಳ ಮನಸ್ಸು ಶಾಸನದಲ್ಲಿರಲಿಲ್ಲ.

ತುದಿಯಲ್ಲಿ ಉಚ್ಚಿಪಿಳ್ಳೆಯಾರ್, ಅಂದರೆ ಶಿಖರದ ಗಣಪತಿ. ಅಲ್ಲಿಂದ ಕೆಳಗೆ ನೋಡಿದರೆ ಎರಡು ಹೊಳೆಗಳು, ತೆಂಗಿನ ತೋಪುಗಳು, ದೂರದಲ್ಲಿ 1987ರಲ್ಲಿ ಪೂರ್ಣಗೊಂಡ ಶ್ರೀರಂಗದ ರಾಜಗೋಪುರ. ಗೋಡೆಗೆ ಒರಗಿ ನಿಂತು ಅವಳು ಕೇಳಿದಳು: “ಅಮ್ಮನೂ ಹೀಗೇ ಆಚೆ ದಡದಲ್ಲಿ ನಿಂತಿದ್ದಳು, ಅಲ್ಲವೆ?”

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಬಾಣಂತನಕ್ಕೆ ತವರಿಗೆ ಹೊರಡುವ ಮೊದಲೇ ಅವಳಿಗೆ ನೋವು ಬಂದಿತ್ತು. ಆಷಾಢದ ಮಳೆಗೆ ಹೊಳೆ ತುಂಬಿ ಹಳ್ಳಿಯ ಸೇತುವೆ ಮುಳುಗಿತ್ತು. ನಮ್ಮತ್ತೆ ಬಂದದ್ದು ನಾಲ್ಕನೆಯ ದಿನ. “ಬೇಕಾದಾಗ ಬಾರದವಳು ಈಗೇಕೆ ಬಂದೆ?” ಎಂದು ಇವಳು ಅಂದುಬಿಟ್ಟಳು. ಆಕೆ ಉತ್ತರ ಕೊಡದೆ ಮಗುವಿಗೆ ಎಣ್ಣೆ ಹಚ್ಚಲು ಕುಳಿತರು. ಮುಂದೆ ಆಕೆ ತೀರಿಕೊಳ್ಳುವವರೆಗೂ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

“ಆ ರಾತ್ರಿಯೆಲ್ಲ ಆಸ್ಪತ್ರೆಯ ಒಬ್ಬ ಆಯಾ ನನ್ನ ಕೈ ಹಿಡಿದು ಕೂತಿದ್ದಳು. ಅವಳ ಹೆಸರನ್ನೂ ನಾನು ಕೇಳಲಿಲ್ಲ. ಅಮ್ಮನ ಮೇಲಿನ ಸಿಟ್ಟಿನಲ್ಲಿ ಅವಳನ್ನೂ ಮರೆತೆ.”

ನಾನು ಆ ರಾತ್ರಿ ಹೊರಗಿನ ಬೆಂಚಿನ ಮೇಲಿದ್ದವನು. ಆಯಾ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಸುಮಾರು ಹದಿನಾಲ್ಕು ಶತಮಾನಗಳ ಹಿಂದಿನ ಅಕ್ಷರವನ್ನು ಓದಲು ಬಂದವನಿಗೆ ಮನೆಯೊಳಗಿನ ಈ ಸಾಲು ಕಂಡಿರಲಿಲ್ಲ.

ಇಳಿಯುವಾಗ ಅವಳು ತಾಯುಮಾನವರ ಗುಡಿಗೆ ಹೋಗಿ ಎರಡು ಚಿಪ್ಪು ಬಾಳೆಹಣ್ಣನ್ನು ಅರ್ಪಿಸಿದಳು.

“ಹರಕೆಯೇನೂ ಇರಲಿಲ್ಲವಲ್ಲ?” ಎಂದೆ.

“ಹರಕೆಯಲ್ಲ, ಬಾಕಿ,” ಎಂದಳು.